ಖಲೀಫರ ಆಯ್ಕೆಯೂ ಉತ್ತರಾಧಿಕಾರದ ಪ್ರಶ್ನೆಯೂ

‘ಖಲೀಫ’ ಎಂಬ ಅರಬ್ಬೀ ಪದಕ್ಕೆ ಉತ್ತರಾಧಿಕಾರಿ ಎಂದೇ ಅರ್ಥ. ಕ್ರಿ.ಶ. 632ರಲ್ಲಿ ಪ್ರವಾದಿ ಮುಹಮ್ಮದರು ನಿಧನರಾದಾಗ ಆ ಸ್ಥಾನವನ್ನು ತುಂಬಲು ಎಲ್ಲರೂ ಒಪ್ಪಿದ ಕ್ರಮವಿರಲಿಲ್ಲ. ಮದೀನಾದ ಸಭೆಯೊಂದು ಅಬೂಬಕರರನ್ನು ಆರಿಸಿತು. 634ರಲ್ಲಿ ಅವರು ಉಮರರನ್ನು ತಾವೇ ಹೆಸರಿಸಿದರು. ಉಮರರ ನಡೆ ಗಮನಾರ್ಹ. 644ರಲ್ಲಿ ಇರಿತಕ್ಕೊಳಗಾಗಿ ಮರಣಶಯ್ಯೆಯಲ್ಲಿದ್ದ ಅವರು ಆಯ್ಕೆಯನ್ನು ಆರು ಮಂದಿಯ ಸಮಿತಿಗೆ ಒಪ್ಪಿಸಿ, ತಮ್ಮ ಮಗ ಅಬ್ದುಲ್ಲಾ ಸಮಾಲೋಚನೆಯಲ್ಲಿ ಭಾಗವಹಿಸಬಹುದೇ ಹೊರತು ಪದವಿಗೇರಲಾಗದೆಂದು ವಿಧಿಸಿದರೆಂದು ಪರಂಪರಾಗತ ಚರಿತ್ರೆಗಳು ಹೇಳುತ್ತವೆ. ಸಮಿತಿ ಉಸ್ಮಾನರನ್ನು ಆರಿಸಿತು. 656ರಲ್ಲಿ ಅವರು ದಂಗೆಕೋರರಿಂದ ಹತರಾದ ಬಳಿಕ ಅಲಿಯವರು ಖಲೀಫರಾದರು. ಪ್ರವಾದಿಯವರು ಅಲಿಯವರನ್ನು ಮೊದಲೇ ನೇಮಿಸಿದ್ದರೆಂಬುದು ಶಿಯಾ ನಿಲುವು. ಸುನ್ನಿಗಳಿಗೆ ನಾಲ್ವರೂ ಸನ್ಮಾರ್ಗಿಗಳು. 661ರಲ್ಲಿ ಅಲಿಯವರ ಹತ್ಯೆಯ ಅನಂತರ ಅಧಿಕಾರ ಪಡೆದ ಮುಆವಿಯಾ ತಮ್ಮ ಮಗ ಯಜೀದನನ್ನೇ ಉತ್ತರಾಧಿಕಾರಿಯಾಗಿಸಿದರು. ಇದನ್ನೊಪ್ಪದ ಅಲಿಯವರ ಪುತ್ರ ಹುಸೇನರು 680ರಲ್ಲಿ ಕರ್ಬಲಾದಲ್ಲಿ ಮಡಿದರು. ಕನ್ನಡದ ಮೊಹರಂ ಪದಗಳು ಹಾಡುವುದು ಆ ಕಥೆಯನ್ನೇ.