ಚಳಿಗಾಲದಲ್ಲಿ ವಸ್ತಿಯ ನಾಯಿ: ರವದಿಯ ಹಾಸಿಗೆ, ರವದಿಯ ಬೆಂಕಿ



ಕಾರ್ಖಾನೆಯ ಬಾಯ್ಲರಿಗೆ ಬೆಂಕಿ ಬೀಳುವುದೂ ನಮ್ಮ ಕಡೆ ಥಂಡಿ ಬೀಳುವುದೂ ಹೆಚ್ಚುಕಡಿಮೆ ಒಂದೇ ಸಮಯಕ್ಕೆ. ದೀಪಾವಳಿ ಮುಗಿದು, ಎಳ್ಳ ಅಮಾವಾಸ್ಯೆ, ಸಂಕ್ರಾಂತಿ ದಾಟುವವರೆಗೆ ಕಡಿತ, ತೂಕ, ಚೀಟಿ, ಕೂಳೆ ಎಂದು ನಮಗೆ ಬಿಡುವಿರುವುದಿಲ್ಲ. ಈ ಗಡಿಬಿಡಿಯಲ್ಲಿಯೂ ಎತ್ತನ್ನು ಕೊಟ್ಟಿಗೆಗೆ ಕಟ್ಟುತ್ತೇವೆ, ಆಡಿನ ಮರಿಯನ್ನು ಬುಟ್ಟಿಯಡಿ ಮುಚ್ಚುತ್ತೇವೆ. ರಾತ್ರಿಯೆಲ್ಲ ಮೋಟಾರು, ಪೈಪು, ಕೋಳಿ, ಕಣ ಕಾಯುವ ನಾಯಿಗೆ ಮಾತ್ರ ಬರಿಯ ಅಂಗಳ.

ಹೋದ ಹಂಗಾಮಿನಲ್ಲಿ ಒಂದು ವಸ್ತಿಯಲ್ಲಿ ಈ ಮಾತು ಎತ್ತಿದಾಗ ಹಿರಿಯರೊಬ್ಬರು ನಕ್ಕು, “ನಾಯಿಗಿ ಎಲ್ಲಿ ಥಂಡಿರಿ ಸಾಹೇಬರ? ದೇವರು ಮೈತುಂಬ ಕೂದಲಾ ಕೊಟ್ಟಾನಲ್ರಿ” ಎಂದರು. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದ ಅರ್ಧವನ್ನು ತಿಳಿಸಲು ಈ ಲೇಖನ.

ಚಳಿ ತಗಲುವುದು ಎಲ್ಲಿಂದ?

ಆರೋಗ್ಯವಂತ ನಾಯಿಯ ಮೈಯ ಉಷ್ಣತೆ ಸುಮಾರು 38ರಿಂದ 39 ಡಿಗ್ರಿ ಸೆಲ್ಸಿಯಸ್, ಅಂದರೆ 101ರಿಂದ 102 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ. ನಮ್ಮ ಮೈಗಿಂತ ಅದರ ಮೈ ತುಸು ಹೆಚ್ಚು ಬಿಸಿ. ಈ ಬಿಸಿಯನ್ನು ಹಿಡಿದಿಡುವುದು ಬರಿಯ ಕೂದಲಲ್ಲ, ಕೂದಲಿನ ನಡುವೆ ಸಿಕ್ಕಿಕೊಂಡ ಗಾಳಿ. ಆದ್ದರಿಂದಲೇ ಚಳಿಯಲ್ಲಿ ನಾಯಿ ಮೈಗೂದಲು ಉಬ್ಬಿಸಿ, ಮೂಗನ್ನು ಬಾಲದಡಿ ಇಟ್ಟು, ಸುರುಳಿ ಸುತ್ತಿ ಮಲಗುತ್ತದೆ.

ಈ ಬಿಸಿಯನ್ನು ಕದಿಯುವ ಕಳ್ಳರು ಮೂವರು. ಮೊದಲನೆಯದು ನೆಲ. ಮಲಗಿದ ನಾಯಿಯ ಭಾರಕ್ಕೆ ಹೊಟ್ಟೆ-ಪಕ್ಕೆಯ ಕೂದಲು ಅದುಮಿ ಹೋಗಿ, ಅದರೊಳಗಿನ ಗಾಳಿ ಉಳಿಯುವುದಿಲ್ಲ. ಆಗ ತಣ್ಣನೆಯ ಮಣ್ಣು ಇಲ್ಲವೆ ಸಿಮೆಂಟು ನೇರವಾಗಿ ಮೈಯ ಶಾಖ ಹೀರುತ್ತದೆ. ಎರಡನೆಯದು ತೇವ. ಒದ್ದೆಯಾದ ಕೂದಲು ಮೈಗೆ ಅಂಟಿಕೊಂಡರೆ ಅದು ಇದ್ದೂ ಇಲ್ಲದಂತೆ. ಮೂರನೆಯದು ಬೀಸುಗಾಳಿ. ಸೊಲ್ಲಾಪುರ ಸೀಮೆಯಲ್ಲಿ ಡಿಸೆಂಬರ್-ಜನವರಿಯ ರಾತ್ರಿಯ ಉಷ್ಣತೆ ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸಿನಲ್ಲಿದ್ದು, ಕೆಲವು ರಾತ್ರಿ 10ಕ್ಕಿಂತಲೂ ಕೆಳಗಿಳಿಯುತ್ತದೆ. ನೀರು ಕುಡಿದ ಕಬ್ಬಿನ ತೋಟದಲ್ಲಿ, ಅದರಲ್ಲಿಯೂ ಭೀಮಾ, ಬೋರಿ ದಂಡೆಯ ತಗ್ಗು ಜಮೀನಿನಲ್ಲಿ, ಊರಿಗಿಂತ ಚಳಿ ಹೆಚ್ಚು. ತಣ್ಣನೆಯ ಗಾಳಿ ಭಾರವಾದುದರಿಂದ ಅದು ತಗ್ಗಿಗೆ ಇಳಿದು ನಿಲ್ಲುತ್ತದೆ.

ದೊಡ್ಡ, ಗಟ್ಟಿಮುಟ್ಟಾದ ನಾಯಿ ಇದನ್ನು ತಾಳಿಕೊಳ್ಳುತ್ತದೆ. ಮರಿ, ಮುದಿನಾಯಿ, ಬಾಣಂತಿ ನಾಯಿ ಮತ್ತು ಬಡಕಲು ನಾಯಿ ತಾಳಲಾರವು. ಮುಧೋಳ ನಾಯಿ ಸಾಕಿದವರು ವಿಶೇಷವಾಗಿ ಗಮನಿಸಬೇಕು. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ ಈ ಹೆಸರಾಂತ ಬೇಟೆ ನಾಯಿ ಓಟದಲ್ಲಿ ಎಷ್ಟು ಚುರುಕೋ ಚಳಿಗೆ ಅಷ್ಟೇ ನಾಜೂಕು. ಅದರ ಕೂದಲು ಗಿಡ್ಡ, ಚರ್ಮ ತೆಳು, ಮೈಯಲ್ಲಿ ಕೊಬ್ಬು ಕಡಿಮೆ.

ರವದಿಯ ಹಾಸಿಗೆ

ಇದಕ್ಕೆ ಪರಿಹಾರ ದುಡ್ಡು ಕೊಟ್ಟು ತರುವಂಥದ್ದಲ್ಲ, ನಮ್ಮ ಹೊಲದಲ್ಲಿಯೇ ಬಿದ್ದಿದೆ. ಕಬ್ಬು ಕಡಿದ ಮೇಲೆ ಎಕರೆಗೆ 3ರಿಂದ 4 ಟನ್ ರವದಿ ಉಳಿಯುತ್ತದೆ. ಅದರಲ್ಲಿ ಎರಡು ಹೊರೆ ಸಾಕು.

ನೆಲದಿಂದ ಅರ್ಧ ಅಡಿ ಎತ್ತರಕ್ಕೆ ಇಟ್ಟಿಗೆ ಇಟ್ಟು, ಮೇಲೆ ಹಲಗೆ ಹಾಕಿರಿ. ಹಣ್ಣಿನ ಹಳೆಯ ಕಟ್ಟಿಗೆ ಪೆಟ್ಟಿಗೆಯೂ ನಡೆಯುತ್ತದೆ. ಗೂಡು ನಾಯಿ ಎದ್ದು ನಿಂತು, ತಿರುಗಿ, ಸುರುಳಿ ಸುತ್ತಿ ಮಲಗುವಷ್ಟೇ ಇರಲಿ. ದೊಡ್ಡದಾದರೆ ನಾಯಿಯ ಮೈಯ ಬಿಸಿಗೆ ಗೂಡು ಬೆಚ್ಚಗಾಗುವುದಿಲ್ಲ. ನಮ್ಮಲ್ಲಿ ಚಳಿಗಾಲದ ಗಾಳಿ ಹೆಚ್ಚಾಗಿ ಪೂರ್ವ, ಈಶಾನ್ಯದಿಂದ ಬೀಸುವುದರಿಂದ ಬಾಗಿಲನ್ನು ದಕ್ಷಿಣಕ್ಕೆ ಇಟ್ಟರೆ ಗಾಳಿಯೂ ತಪ್ಪುತ್ತದೆ, ಹಗಲಿನ ಬಿಸಿಲೂ ಒಳಗೆ ಬೀಳುತ್ತದೆ. ಬಾಗಿಲಿಗೆ ಗೋಣಿಯ ಪರದೆ ಸಾಕು.

ಒಳಗೆ ಒಂದು ಅಡಿ ದಪ್ಪ ಒಣ ರವದಿ ತುಂಬಿರಿ. ನಾಯಿ ತಾನೇ ತುಳಿದು ಗುಂಡಿ ಮಾಡಿಕೊಳ್ಳುತ್ತದೆ. ಬಟ್ಟೆ ತೇವ ಹಿಡಿದರೆ ತಣ್ಣಗೇ ಉಳಿಯುತ್ತದೆ. ರವದಿಯಲ್ಲಿ ಗಾಳಿಯಾಡುವುದರಿಂದ ಬೇಗ ಒಣಗುತ್ತದೆ. ಎಂಟು ದಿನಕ್ಕೊಮ್ಮೆ ಬಿಸಿಲಿಗೆ ಹರವಿ, ಹದಿನೈದು ದಿನಕ್ಕೊಮ್ಮೆ ಬದಲಿಸಿದರೆ ಚಿಗಟದ ಕಾಟವೂ ಕಡಿಮೆ. ಎಲೆಯ ಬುಡದಲ್ಲಿ ಚುಚ್ಚುವ ಸಣ್ಣ ಮುಳ್ಳುಗೂದಲು ಇರುವುದರಿಂದ ಮರಿಗಳಿದ್ದಲ್ಲಿ ರವದಿಯ ಮೇಲೆ ಹಳೆಯ ಕೌದಿ ಹಾಸತಕ್ಕದ್ದು. ಔಷಧಿ ತಂದ ಚೀಲವನ್ನು ಮಾತ್ರ ಯಾವ ಕಾರಣಕ್ಕೂ ಹಾಸಬಾರದು, ಹೊದಿಸಬಾರದು.

ರವದಿಯ ಬೆಂಕಿ

ರವದಿ ಬೆಚ್ಚಗಿರುತ್ತದೆ ಎಂಬುದು ನಮಗಿಂತ ಮೊದಲು ನಾಯಿಗೆ ಗೊತ್ತು. ನಾವು ಜಾಗ ಮಾಡಿಕೊಡದಿದ್ದರೆ ಅದು ಹೊಲದ ರವದಿಯಲ್ಲಿಯೇ ಜಾಗ ಹುಡುಕುತ್ತದೆ. ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕಾಗಿದೆ.

ನಾನು ಸೇವೆಗೆ ಸೇರಿದ ಹೊಸದರಲ್ಲಿ, ಒಂದು ಜನವರಿ ಮುಂಜಾನೆ, ಸದಸ್ಯರೊಬ್ಬರ ಎರಡೆಕರೆ ಕೂಳೆಯಲ್ಲಿ ರವದಿ ಸುಡುತ್ತಿದ್ದರು. ನಾನು ಬದುವಿನ ಮೇಲೆ ನಿಂತು ನೋಡುತ್ತಿದ್ದೆ. ಬೇಗ ಮುಗಿಯಲೆಂದು ನಾಲ್ಕೂ ಬದಿಗೆ ಬೆಂಕಿ ಹಚ್ಚಿದ್ದರು. ವಸ್ತಿಯ ಹೆಣ್ಣುನಾಯಿ ಬೊಗಳುತ್ತ ಬೆಂಕಿಯ ಕಡೆಗೇ ಓಡುತ್ತಿತ್ತು. ಬೆಂಕಿಗೆ ಬೆದರಿದೆ ಎಂದುಕೊಂಡು, ಸುಟ್ಟುಕೊಂಡೀತೆಂಬ ಕರುಣೆಯಿಂದಲೇ, ನಾನು ಕೈಯಲ್ಲಿದ್ದ ಕಬ್ಬಿನಿಂದ ಅದನ್ನು ಎರಡು ಸಲ ಅಟ್ಟಿದೆ. ಬೆಂಕಿ ಆರಿದ ಮೇಲೆ ಹೊಲದ ನಡುವಿನ ಗುಡ್ಡೆಯಡಿ ಕಣ್ಣು ತೆರೆಯದ ನಾಲ್ಕು ಮರಿಗಳು ಸಿಕ್ಕವು. ಆ ನಾಯಿ ಮೂರು ದಿನ ಬೂದಿಯನ್ನು ಕೆದರುತ್ತಿತ್ತು ಎಂದು ಮನೆಯವರು ಹೇಳಿದರು. ಆಮೇಲೆಯೂ ಅದು ಬಹಳ ವರ್ಷ ಬದುಕಿತು. ನಾನು ಆ ವಸ್ತಿಗೆ ಹೋದಾಗಲೆಲ್ಲ ಎದ್ದು ಹಿತ್ತಲಿಗೆ ಹೋಗುತ್ತಿತ್ತು. ಒಮ್ಮೆಯೂ ಬೊಗಳಲಿಲ್ಲ.

ಹೆಣ್ಣುನಾಯಿ ಗರ್ಭ ಧರಿಸಿ ಸುಮಾರು 63 ದಿನಕ್ಕೆ ಮರಿ ಹಾಕುತ್ತದೆ. ನಮ್ಮ ಊರ ನಾಯಿಗಳು ಹೆಚ್ಚಾಗಿ ಮಳೆಗಾಲದ ಕೊನೆಗೆ ಬೆದೆಗೆ ಬರುವುದರಿಂದ ಮರಿ ಹುಟ್ಟುವ ಕಾಲವೂ ರವದಿ ಸುಡುವ ಕಾಲವೂ ಒಂದೇ ಆಗುತ್ತದೆ. ನಾನು ಕಂಡದ್ದು ಅಪರೂಪದ ಘಟನೆಯಲ್ಲ ಎಂಬುದನ್ನು ಆಮೇಲೆ ತಿಳಿದುಕೊಂಡೆ.

ಆದ್ದರಿಂದ ಸದಸ್ಯರಲ್ಲಿ ಮೊದಲ ವಿನಂತಿ: ರವದಿ ಸುಡಬೇಡಿರಿ. ಸುಟ್ಟರೆ ಸಾವಯವ ಅಂಶವೂ ಸಾರಜನಕವೂ ಹೊಗೆಯಾಗಿ ಹೋಗುತ್ತವೆ. ಸಾಲಿನ ನಡುವೆ ಹರವಿ, ಟನ್ ರವದಿಗೆ 8 ಕಿಲೋ ಯೂರಿಯಾ, 10 ಕಿಲೋ ಸಿಂಗಲ್ ಸೂಪರ್ ಫಾಸ್ಫೇಟ್ ಮತ್ತು 1 ಕಿಲೋ ಕೊಳೆಯಿಸುವ ಜೀವಾಣು ಹಾಕಿ ನೀರು ಕೊಟ್ಟರೆ ಅದೇ ಗೊಬ್ಬರವಾಗುತ್ತದೆ. ನಾಯಿಯ ಹಾಸಿಗೆಗೆ ಬೇಕಾದ ರವದಿಯನ್ನು ಯೂರಿಯಾ ಎರಚುವ ಮೊದಲೇ ತೆಗೆದಿಡಿರಿ. ಇಷ್ಟು ಹೇಳಿದರೂ ಅಲ್ಲಲ್ಲಿ ಬೆಂಕಿ ಬೀಳುತ್ತದೆ ಎಂಬುದು ಬಲ್ಲ ಮಾತು. ಹಾಗಿದ್ದಲ್ಲಿ ಗುಡ್ಡೆಗಳನ್ನು ಮೊದಲು ಕೋಲಿನಿಂದ ಕೆದಕಿ ನೋಡಿರಿ. ನಾಲ್ಕೂ ಬದಿಗೆ ಎಂದೂ ಹಚ್ಚಬೇಡಿರಿ. ಹೆಣ್ಣುನಾಯಿ ಬೆಂಕಿಯ ಕಡೆ ಓಡಿದರೆ ಅದನ್ನು ಅಟ್ಟುವ ಬದಲು ಅದು ಎತ್ತ ನೋಡುತ್ತಿದೆ ಎಂದು ನೀವೂ ನೋಡಿರಿ.

ಮರಿಗಳ ಆರೈಕೆ

ಹುಟ್ಟಿದ ಮರಿಗೆ ಮೊದಲ ಎರಡು-ಮೂರು ವಾರ ತನ್ನ ಮೈಯ ಬಿಸಿಯನ್ನು ತಾನೇ ಕಾಯ್ದುಕೊಳ್ಳಲು ಬಾರದು. ಮೊದಲ ವಾರದಲ್ಲಿ ಅದಕ್ಕೆ ನಡುಗಲೂ ಬರುವುದಿಲ್ಲ. ನಡುಗುತ್ತಿಲ್ಲವೆಂದು ಚಳಿಯಿಲ್ಲ ಎಂದು ತಿಳಿಯುವುದು ತಪ್ಪು. ತಾಯಿ ಮತ್ತು ಒಡಹುಟ್ಟಿದ ಮರಿಗಳ ಬಿಸಿಯೇ ಅದರ ಬಿಸಿ. ಆದ್ದರಿಂದ ತಾಯಿಯಿಂದ ಅಗಲಿಸಬೇಡಿರಿ.

ಮರಿಯೊಂದು ತಣ್ಣಗಾಗಿ ಸೊರಗಿ ಬಿದ್ದಿದ್ದರೆ ಕೂಡಲೇ ಹಾಲು ಹಾಕುವುದು ನಮ್ಮ ರೂಢಿ. ಇದು ಅಪಾಯಕರ. ತಣ್ಣಗಾದ ಮರಿಗೆ ಹಾಲು ಅರಗುವುದಿಲ್ಲ. ಮೊದಲು ಒಣ ಬಟ್ಟೆಯಿಂದ ಒರೆಸಿ, ನಿಮ್ಮ ಎದೆಗೆ ಅವಚಿಕೊಂಡು, ಇಲ್ಲವೆ ಉಗುರುಬೆಚ್ಚಗಿನ ನೀರು ತುಂಬಿದ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕಕ್ಕಿಟ್ಟು, ನಿಧಾನವಾಗಿ ಬೆಚ್ಚಗೆ ಮಾಡಿರಿ. ಅದು ಮಿಸುಕಾಡಿ ಬಾಯಿ ಚೀಪತೊಡಗಿದ ಮೇಲೆ ತಾಯಿಯ ಮೊಲೆಗೆ ಬಿಡಿರಿ. ಒಲೆಯ ಮುಂದೆ ಇಟ್ಟರೆ ಸುಟ್ಟ ಗಾಯವಾಗುತ್ತದೆ.

ರಾತ್ರಿಯ ನೀರು, ಗಾಡಿಯ ಗಾಲಿ

ವಿದ್ಯುತ್ತಿನ ಪಾಳಿ ರಾತ್ರಿ ಬಂದಾಗ ನಾವು ನೀರು ಹಾಯಿಸಲು ಹೋಗುತ್ತೇವೆ, ನಾಯಿ ಬೆನ್ನಿಗೆ ಬರುತ್ತದೆ. ಹೊಟ್ಟೆಯವರೆಗೆ ತೊಯ್ದು, ಬೆಳಗಿನವರೆಗೆ ಬದುವಿನ ಮೇಲೆ ಕೂರುತ್ತದೆ. ಮರಳಿ ಬಂದೊಡನೆ ಒಣ ಗೋಣಿಯಿಂದ ಮೈ ತಿಕ್ಕಿರಿ. ಎರಡು ನಿಮಿಷದ ಕೆಲಸ. ಸ್ನಾನ ಮಾಡಿಸುವುದಿದ್ದರೆ ನಡುಹಗಲಿನ ಬಿಸಿಲಿನಲ್ಲಿ, ಬೆಚ್ಚಗಿನ ನೀರಿನಲ್ಲಿ ಮಾಡಿಸಿರಿ. ಉಣ್ಣೆಗೆಂದು ಬೆಳೆಯ ಔಷಧಿಯನ್ನು ಮೈಗೆ ಸವರಬೇಡಿರಿ. ಚರ್ಮದ ಮೂಲಕವೇ ವಿಷ ಏರುತ್ತದೆ.

ಕಬ್ಬಿನ ಟ್ರಾಲಿ ನಿಂತಲ್ಲಿ ನಾಯಿಗಳು ಗಾಳಿಗೆ ಮರೆಯಾಗಿ ಗಾಲಿಯ ಸಂದಿಯಲ್ಲಿ ಮಲಗುತ್ತವೆ. ನಸುಕಿನಲ್ಲಿ ಟ್ರ್ಯಾಕ್ಟರ್ ಚಾಲೂ ಮಾಡುವ ಮೊದಲು ಒಮ್ಮೆ ಬಗ್ಗಿ ನೋಡಲು ಚಾಲಕರಿಗೆ ಹೇಳಿರಿ.

ಹೊಲದಂಚಿನಲ್ಲಿ ಸರಪಳಿ ಹಾಕಿ ಕಟ್ಟಿದ ನಾಯಿಗೆ ಇನ್ನೊಂದು ಅಪಾಯವಿದೆ. 2020ರ ಡಿಸೆಂಬರಿನಲ್ಲಿ ನಮ್ಮದೇ ಜಿಲ್ಲೆಯ ಕರಮಾಳಾ ತಾಲೂಕಿನಲ್ಲಿ ಚಿರತೆಯೊಂದು ಜನರ ಪ್ರಾಣ ತೆಗೆದದ್ದು ಎಲ್ಲರ ನೆನಪಿನಲ್ಲಿದೆ. ಕಬ್ಬಿನಲ್ಲಿ ನೆಲೆಸಿದ ಚಿರತೆಗೆ ಸುಲಭದ ಆಹಾರ ನಾಯಿ. ಸುದ್ದಿಯಿರುವ ಭಾಗದಲ್ಲಿ ರಾತ್ರಿ ನಾಯಿಯನ್ನು ಬಾಗಿಲಿರುವ ಕೊಟ್ಟಿಗೆಯೊಳಗೆ ಬಿಡಿರಿ. ಮನುಷ್ಯರಿಗೂ ಅದೇ ಕ್ಷೇಮ.

ಆಹಾರ ಮತ್ತು ವಿಷ

ಹೊರಗೆ ಮಲಗುವ ನಾಯಿಗೆ ಮೈ ಬೆಚ್ಚಗಿಡಲು ಚಳಿಗಾಲದಲ್ಲಿ ಹೆಚ್ಚು ಆಹಾರ ಬೇಕು. ದಿನದ ರೊಟ್ಟಿಯ ಮೇಲೆ ಸಂಜೆ ಇನ್ನೊಂದು ರೊಟ್ಟಿ ಹಾಕಿರಿ. ಬೇಳೆಯ ಕಟ್ಟಿನಲ್ಲಿ ನೆನೆಸಿ, ಆದರೆ ಒಂದು ತತ್ತಿ ಕೂಡಿಸಿದರೆ ಉತ್ತಮ. ಕುಡಿಯುವ ನೀರನ್ನು ಚಳಿಯೆಂದು ಮರೆಯಬಾರದು.

ನಮ್ಮ ಸೀಮೆಯ ಎರಡು ಬೆಳೆಗಳು ನಾಯಿಗೆ ವಿಷ. ಒಂದು ಉಳ್ಳಾಗಡ್ಡಿ, ಹಸಿಯಿರಲಿ ಬೆಂದಿರಲಿ, ರಕ್ತವನ್ನು ಕೆಡಿಸುತ್ತದೆ. ಇನ್ನೊಂದು ದ್ರಾಕ್ಷಿ. ಜತ್ತ ಭಾಗದಲ್ಲಿ ಒಣದ್ರಾಕ್ಷಿ ಮಾಡುವವರು ಗಮನಿಸಿರಿ, ಅದು ನಾಯಿಯ ಮೂತ್ರಪಿಂಡವನ್ನು ಹಾಳುಮಾಡಬಲ್ಲದು.

ಇಲಿಗೆ ಇಡುವ ಜಿಂಕ್ ಫಾಸ್ಫೈಡನ್ನು ಹಿಟ್ಟು, ಎಣ್ಣೆ, ಬೆಲ್ಲದಲ್ಲಿ ಕಲಸುವುದರಿಂದ ಹಸಿದ ನಾಯಿ ಅದನ್ನು ಬಿಡುವುದಿಲ್ಲ. ಇದಕ್ಕೆ ಮಾರುಮದ್ದು ಇಲ್ಲ. ವಿಷವನ್ನು ಬಿಲದೊಳಗೇ ಇಟ್ಟು ಮುಚ್ಚಿ, ಸತ್ತ ಇಲಿಗಳನ್ನು ಹೂಳತಕ್ಕದ್ದು. ಹಿಂದೆ ಕಬ್ಬಿಗೆ ಹಾಕುತ್ತಿದ್ದ ಫೋರೇಟ್ ಹರಳಿನ ಬಳಕೆಗೆ 2020ರ ಅಂತ್ಯದಿಂದ ಸಂಪೂರ್ಣ ನಿಷೇಧವಿದೆ. ಹಳೆಯ ಡಬ್ಬಿ ಅಟ್ಟದ ಮೇಲಿದ್ದರೆ ನಮ್ಮ ಗಟ್ ಕಚೇರಿಗೆ ತಿಳಿಸಿರಿ. ನಾಯಿ ವಿಷ ತಿಂದ ಶಂಕೆ ಬಂದರೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ, ಔಷಧಿಯ ಚೀಟಿಯ ಸಮೇತ ಪಶುವೈದ್ಯರಲ್ಲಿಗೆ ಒಯ್ಯಿರಿ.

ಲಸಿಕೆ

ಹಂಗಾಮಿನಲ್ಲಿ ಟೋಳಿಗಳ ಜೊತೆ ಹೊರಗಿನ ನಾಯಿಗಳೂ ಬರುತ್ತವೆ. ಅವು ನಮ್ಮ ನಾಯಿಗಳೊಂದಿಗೆ ಬೆರೆಯುವುದರಿಂದ ರೋಗ ಹರಡುವ ಸಂಭವ ಹೆಚ್ಚು. ಮರಿಗೆ 6ರಿಂದ 8 ವಾರದಲ್ಲಿ ಡಿಸ್ಟೆಂಪರ್, ಪಾರ್ವೊ ಲಸಿಕೆಯನ್ನು ಆರಂಭಿಸಿ ವೈದ್ಯರು ಹೇಳಿದಂತೆ ಮುಂದಿನ ಡೋಸ್‌ಗಳನ್ನು ಹಾಕಿಸಿರಿ. 3 ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆ, ಬಳಿಕ ವರ್ಷಕ್ಕೊಮ್ಮೆ. ಯಾವ ನಾಯಿಯೇ ಕಚ್ಚಲಿ, ಗಾಯವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆದು ಅದೇ ದಿನ ದವಾಖಾನೆಗೆ ಹೋಗತಕ್ಕದ್ದು. ಈ ರೋಗ ಕಾಣಿಸಿಕೊಂಡ ಮೇಲೆ ಉಪಾಯವಿಲ್ಲ. ಹೊಟ್ಟೆಗೆ 14 ಸೂಜಿ ಚುಚ್ಚುವ ಕಾಲ ಹೋಗಿದೆ. ಈಗ ತೋಳಿಗೆ ಕೆಲವೇ ಸೂಜಿ. ಹೆದರುವ ಕಾರಣವಿಲ್ಲ.

ಬಾಂಧವರೇ, ಮುಂದಿನ ವಾರ ಚಿಟ್‌ಬಾಯ್ ನಿಮ್ಮ ಹೊಲಕ್ಕೆ ಕಡಿತದ ಚೀಟಿ ತಂದಾಗ, ರವದಿಯ ಎರಡು ಹೊರೆಯನ್ನು ವಸ್ತಿಗೆ ತೆಗೆದಿಡುವುದನ್ನೂ ನೆನಪಿಡಿರಿ. ನಾಯಿಗೆ ಅಂಗಳದಲ್ಲಿ ಬೆಚ್ಚಗಿನ ಜಾಗ ಸಿಕ್ಕರೆ ಅದು ಹೊಲದ ಗುಡ್ಡೆಗೆ ಹೋಗುವುದಿಲ್ಲ. ಅಂದು ಆ ವಸ್ತಿಯಲ್ಲಿ ಒಂದು ಹಲಗೆ, ಒಂದು ಹೊರೆ ರವದಿ ಇದ್ದಿದ್ದರೆ ಸಾಕಾಗಿತ್ತು.

— ಕಬ್ಬು ಅಭಿವೃದ್ಧಿ ಅಧಿಕಾರಿ