ಚೀಲದ ಲೆಕ್ಕ ಸರಿ, ಹೊಲದ ಲೆಕ್ಕ ಎಲ್ಲದ?

ಭೂಸನೂರ: ಮನಿ ಕಟ್ಟುವ ಹಂಗಾಮು ಬಂತೆಂದರೆ ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಅಂಗಡಿಗಳಲ್ಲಿ ಸಿಮೆಂಟು ಚೀಲಗಳ ಥಪ್ಪಿ ಏಳುತ್ತದೆ. ಗಿರಾಕಿ ದರ ಕೇಳುತ್ತಾನೆ, ಚೀಲಕ್ಕೆ ಎರಡು ರೂಪಾಯಿ ಕಮ್ಮಿ ಮಾಡ್ರಿ ಅನ್ನುತ್ತಾನೆ. ಆ ಚೀಲದೊಳಗೆ ಯಾರ ಹೊಲ ಅದ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಆಳಂದ ಸೀಮೆಯ ಎರಿ ಭೂಮಿಯ ಕೆಳಗೆ ಇರುವುದು ಕರಿಕಲ್ಲು. ಚಿತ್ತಾಪುರ, ಸೇಡಂ ಕಡೆ ಹೋದರೆ ಸುಣ್ಣಕಲ್ಲು. ಶಹಾಬಾದ ಫರಸಿ ಎಂದು ನಮ್ಮ ಮನೆಗಳ ನೆಲಕ್ಕೆ ಹಾಸಿದ್ದೂ ಅದೇ ಕಲ್ಲು. 1968ರಲ್ಲಿ ವಾಡಿಯಲ್ಲಿ ಸಿಮೆಂಟು ಕಾರ್ಖಾನೆ ಬಂತು. ಮುಂದೆ ಸೇಡಂ, ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡ, ಚಿಂಚೋಳಿ, 2015ರಲ್ಲಿ ಚಿತ್ತಾಪುರದ ಇಟಗಾ ಎಂದು ಸಾಲು ಬೆಳೆಯಿತು. ಕೆಲಸ ಸಿಕ್ಕಿತು, ಲಾರಿ ಓಡಿದವು, ಹೋಟೆಲು ಕಿರಾಣಿ ನಡೆದವು. ಇದನ್ನು ಅಲ್ಲಗಳೆಯುವಂತಿಲ್ಲ.

ಒಂದೇ ಕಲ್ಲು, ಎರಡು ಬೆಳೆ

ಆದರೆ ಅದೇ ನೆಲದ ಇನ್ನೊಂದು ಬೆಳೆ ತೊಗರಿ. 2019ರಲ್ಲಿ ಗುಲಬರ್ಗಾ ತೊಗರಿ ಬೇಳೆಗೆ ಭೌಗೋಳಿಕ ಗುರುತು ಸಿಕ್ಕಿತು. ಬೇಳೆಯ ರುಚಿಗೆ ಈ ಮಣ್ಣಿನ ಕ್ಯಾಲ್ಸಿಯಂ, ಪೊಟ್ಯಾಷ್ ಅಂಶವೇ ಕಾರಣ ಎಂಬುದು ಅದರ ಹಿಂದಿನ ವಾದ. ಅಂದರೆ ಕಾರ್ಖಾನೆ ಅಗೆಯುವ ಸುಣ್ಣವೇ ಬೇಳೆಗೂ ರುಚಿ ಕೊಡುವುದು! ತೊಗರಿ ವರ್ಷ ವರ್ಷ ಬರುತ್ತದೆ. ಕಲ್ಲು ಒಮ್ಮೆ ತೆಗೆದರೆ ಉಳಿಯುವುದು ಗುಂಡಿ.

ಹೊಲ ಮಾರಿದವನಿಗೆ ರೊಕ್ಕವಾದರೂ ಸಿಗುತ್ತದೆ. ಆ ಹೊಲದಲ್ಲಿ ಕಳೆ ತೆಗೆದು, ತೊಗರಿ ಕೊಯ್ದು, ಬದುವಿನಲ್ಲಿ ಆಡು ಮೇಯಿಸಿದ ತಾಂಡಾದ ಕೂಲಿಯವನಿಗೆ ಏನು? ಪಹಣಿಯಲ್ಲಿ ಹೆಸರಿಲ್ಲದವನಿಗೆ ಪರಿಹಾರವೂ ಇಲ್ಲ. ಮುಂಬಯಿ, ಪುಣೆಯ ಹಾದಿಯೇ ಗತಿ.

ಲಂಬಾಣಿಗರು ಗಡಿಯಾಚೆ ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಇಲ್ಲಿ ಪರಿಶಿಷ್ಟ ಜಾತಿ. ಆದಿವಾಸಿಗಳ ನೆಲ ಕಾಯುವ ಸಂವಿಧಾನದ ಐದನೆಯ ಅನುಸೂಚಿಯ ಪ್ರದೇಶ ಕರ್ನಾಟಕದಲ್ಲಿ ಎಲ್ಲಿಯೂ ಇಲ್ಲ. ಇರುವ ಆಸರೆ 1978ರ ಕಾಯಿದೆ: ಪರಿಶಿಷ್ಟರಿಗೆ ಸರಕಾರ ಮಂಜೂರು ಮಾಡಿದ ಜಮೀನನ್ನು ಸರಕಾರದ ಅನುಮತಿಯಿಲ್ಲದೆ ಯಾರೂ ಕೊಳ್ಳುವಂತಿಲ್ಲ. ಮಂಜೂರಾದ ತುಂಡು ಇದ್ದವನಿಗೆ ಇದು ಗುರಾಣಿ. ಏನೂ ಇಲ್ಲದವನಿಗೆ ಬರೀ ಕಾಗದ.

ಚೀಲಕ್ಕೆ ಎಷ್ಟು?

ಪಹಣಿ ಇಲ್ಲದವರಿಗಾಗಿಯೇ ಎನ್ನಬಹುದಾದ ಹಣವೊಂದು ಅದ. 2015ರಲ್ಲಿ ಗಣಿ ಕಾಯಿದೆ ತಿದ್ದಿ ಜಿಲ್ಲೆಗೊಂದು ಖನಿಜ ಪ್ರತಿಷ್ಠಾನ ಮಾಡಲಾಯಿತು. ಹಳೆಯ ಗುತ್ತಿಗೆಯವರು ರಾಜಧನದ ಶೇ. 30ರಷ್ಟು, ಹರಾಜಿನಲ್ಲಿ ಹೊಸದಾಗಿ ಪಡೆದವರು ಶೇ. 10ರಷ್ಟು ಅದಕ್ಕೆ ಕಟ್ಟಬೇಕು.

ವ್ಯಾಪಾರಸ್ಥರಿಗೆ ತಿಳಿಯುವ ಹಾಗೆ ಲೆಕ್ಕ ಹಾಕೋಣ. 50 ಕಿಲೋದ ಒಂದು ಸಾದಾ ಸಿಮೆಂಟು ಚೀಲಕ್ಕೆ ಸುಮಾರು 70 ಕಿಲೋ ಸುಣ್ಣಕಲ್ಲು ಬೇಕು. 2014ರಲ್ಲಿ ನಿಗದಿಯಾದ ರಾಜಧನ ಟನ್ನಿಗೆ 80 ರೂಪಾಯಿ. ಅಂದರೆ ಚೀಲಕ್ಕೆ 5 ರೂಪಾಯಿ 60 ಪೈಸೆ. ಅದರಲ್ಲಿ ಹಳೆಯ ಗುತ್ತಿಗೆಯಿಂದ ಪ್ರತಿಷ್ಠಾನಕ್ಕೆ 1 ರೂಪಾಯಿ 68 ಪೈಸೆ, ಹೊಸದರಿಂದ ಬರೀ 56 ಪೈಸೆ. ಗಿರಾಕಿ ಚೌಕಾಶಿ ಮಾಡುವ ಎರಡು ರೂಪಾಯಿಗಿಂತ ಕಮ್ಮಿ!

ಹನಿ ಹನಿ ಕೂಡಿದರೆ ಹಳ್ಳ. ಚೀಲಗಳು ಲಕ್ಷ ಲಕ್ಷ. ಈ ಹಣದಲ್ಲಿ ಕನಿಷ್ಠ ಶೇ. 60 ಕುಡಿಯುವ ನೀರು, ಆಸ್ಪತ್ರೆ, ಶಾಲೆ, ಪರಿಸರ, ಕಸುಬಿನ ತರಬೇತಿ ಇಂಥವಕ್ಕೇ ಹೋಗಬೇಕೆಂದು ಮೊದಲಿನ ನಿಯಮ ಹೇಳಿತ್ತು. 2024ರಲ್ಲಿ ಅದು ಶೇ. 70ಕ್ಕೆ ಏರಿತು. ಗಣಿಯಿಂದ ಬಾಧಿತರಾದವರನ್ನು ಗುರುತಿಸುವಾಗ ಗ್ರಾಮಸಭೆಯ ಮಾತೂ ಕೇಳಬೇಕು ಎಂಬುದೂ ನಿಯಮದಲ್ಲಿದೆ. ಗ್ರಾಮಸಭೆಯಲ್ಲಿ ತಾಂಡಾದವರು ಬಾಯಿ ಬಿಡದಿದ್ದರೆ ಪಟ್ಟಿಯಲ್ಲಿ ಮತ್ತೆ ಪಹಣಿದಾರರದೇ ಹೆಸರು ಬಂದೀತು.

ಮಣ್ಣಿಗೂ ನಿಯಮ ಅದ. 2017ರ ಖನಿಜ ಸಂರಕ್ಷಣಾ ನಿಯಮದಂತೆ ಮೇಲಿನ ಫಲವತ್ತಾದ ಮಣ್ಣನ್ನು ಬೇರೆ ತೆಗೆದಿಟ್ಟು, ಕಲ್ಲು ಮುಗಿದ ಜಾಗಕ್ಕೆ ಮರಳಿ ಹರಡಬೇಕು. ತೊಗರಿ ಬೆಳೆದ ಮಣ್ಣು ಕಲ್ಲುಪುಡಿಯ ಗುಡ್ಡದಡಿ ಹೂತುಹೋದರೆ ಮುಂದಿನ ಪೀಳಿಗೆ ಬಿತ್ತುವುದು ಎಲ್ಲಿ?

ಸಿಮೆಂಟು ಬ್ಯಾಡ ಎನ್ನುವವರು ಯಾರೂ ಇಲ್ಲ. ಎಲ್ಲರಿಗೂ ಮನಿ ಬೇಕು. ಆದರೆ ಗುತ್ತಿಗೆ ಕೊಡುವಾಗ ಇರುವ ಅವಸರ ಮಣ್ಣು ಮರಳಿ ಹಾಕಿಸುವಾಗಲೂ ಇರಲಿ. ಪ್ರತಿಷ್ಠಾನಕ್ಕೆ ಬಂದ ರೊಕ್ಕ ಎಷ್ಟು, ಯಾವ ತಾಂಡಾಕ್ಕೆ ಹೋಯಿತು ಎಂಬುದನ್ನು ಪಂಚಾಯಿತಿ ಗೋಡೆಯ ಮೇಲೆ ಬರೆಯಿಸಲಿ. ಅಂಗಡಿಕಾರ ದಿನಾ ಸಂಜೆ ಗಲ್ಲಾ ಎಣಿಸುತ್ತಾನೆ. ನೆಲ ಕೊಟ್ಟ ಜಿಲ್ಲೆ ವರ್ಷಕ್ಕೊಮ್ಮೆಯಾದರೂ ಎಣಿಸಬೇಡವೆ?