ಪರದೆ ಕಪ್ಪಾದಾಗ ಪೆಟ್ಟಿಗೆಗೆ ಜೀವ ಇದೆಯೇ?

ಫ್ಯಾನ್ ತಿರುಗುತ್ತಿದೆ, ಪೆಟ್ಟಿಗೆಯ ದೀಪ ಉರಿಯುತ್ತಿದೆ, ಒಮ್ಮೊಮ್ಮೆ ಹಾಡೂ ಕೇಳುತ್ತಿರುತ್ತದೆ. ಪರದೆ ಮಾತ್ರ ಕಗ್ಗತ್ತಲು. ಲಿನಕ್ಸ್ ಹಾಕಿಕೊಂಡ ಡೆಸ್ಕ್‌ಟಾಪಿನಲ್ಲಿ ದಿನಕ್ಕೊಮ್ಮೆಯೋ ವಾರಕ್ಕೆರಡು ಸಲವೋ ಹೀಗಾಗತೊಡಗಿದರೆ ರಿಪೇರಿಯವರು ಹೇಳುವ ಮೊದಲ ಮಾತು, “ಫಾರ್ಮ್ಯಾಟ್ ಹೊಡೆದ್ಬಿಡಿ ಸಾರ್.” ಹಿಂದೊಮ್ಮೆ ನಾನೂ ಆ ಮಾತು ಕೇಳಿ ಎರಡು ಸಲ ಉಬುಂಟುವನ್ನು ಹೊಸದಾಗಿ ಹಾಕಿದೆ. ಪರದೆ ಮತ್ತೆ ಕಪ್ಪಾಯಿತು. ಏನಾಯಿತೆಂದು ಯಂತ್ರ ತಾನೇ ಬರೆದಿಟ್ಟಿದ್ದ ದಾಖಲೆಯೂ ಆ ಫಾರ್ಮ್ಯಾಟಿನಲ್ಲಿ ಅಳಿಸಿಹೋಗಿತ್ತು. ಅದೇ ದೊಡ್ಡ ನಷ್ಟ.

ಕಪ್ಪು ಪರದೆ ಜ್ವರದ ಹಾಗೆ, ಹತ್ತು ಕಾಯಿಲೆಗೂ ಅದೇ ಲಕ್ಷಣ. ನೀವು ಒತ್ತಿದ ಅಕ್ಷರ ಕಣ್ಣಿಗೆ ಬೀಳುವ ಮುನ್ನ ಬಹಳ ಕೈ ದಾಟುತ್ತದೆ: ಬರೆಯುವ ತಂತ್ರಾಂಶ, ಕಿಟಕಿಗಳನ್ನು ಜೋಡಿಸುವ ಡೆಸ್ಕ್‌ಟಾಪ್, ಮೆಸಾ ಎಂಬ ಗ್ರಾಫಿಕ್ಸ್ ಲೈಬ್ರರಿ, ಕರ್ನಲ್‌ನೊಳಗಿನ ಡ್ರೈವರ್, ಗ್ರಾಫಿಕ್ಸ್ ಕಾರ್ಡ್, ಕೇಬಲ್, ಕೊನೆಗೆ ಮಾನಿಟರ್. ಇವಕ್ಕೆಲ್ಲ ಕರೆಂಟ್ ಕೊಡುವ ಎಸ್‌ಎಂಪಿಎಸ್ ಬೇರೆ. ಎಲ್ಲಿ ಕಡಿದರೂ ಕಾಣುವುದು ಅದೇ ಕತ್ತಲು. ಹಾಗಾಗಿ ಪವರ್ ಬಟನ್ ಒತ್ತಿ ಹಿಡಿಯುವ ಮುನ್ನ ಎರಡು ನಿಮಿಷ ತಾಳಿ, ಎಲ್ಲಿಯವರೆಗೆ ಜೀವ ಇದೆ ಎಂದು ನೋಡಿಕೊಳ್ಳಿ.

ಶುರು ಮಾಡುವುದು ಮಾನಿಟರ್‌ನಿಂದ. ಅದರ ಮೆನು ಗುಂಡಿ ಒತ್ತಿದರೆ ಮೆನು ಮೂಡುತ್ತದೆಯೇ? ಮೂಡಿ, ಸಿಗ್ನಲ್ ಇಲ್ಲ ಎಂದು ತೋರಿಸಿದರೆ ಮಾನಿಟರ್ ನೆಟ್ಟಗಿದೆ, ಪೆಟ್ಟಿಗೆಯ ಕಡೆಯಿಂದ ಚಿತ್ರ ಬರುತ್ತಿಲ್ಲ. ಏನೂ ಮೂಡದಿದ್ದರೆ ಮೊಬೈಲಿನ ಟಾರ್ಚನ್ನು ಪರದೆಗೆ ಓರೆಯಾಗಿ ಹಿಡಿಯಿರಿ. ಮಸುಕಾಗಿ ಅಕ್ಷರಗಳು ಕಂಡವೋ, ಹೋಗಿರುವುದು ಹಿಂದಿನ ಬೆಳಕು ಅಷ್ಟೇ. ಲಿನಕ್ಸಿಗೂ ಅದಕ್ಕೂ ಸಂಬಂಧವಿಲ್ಲ.

ಎರಡು ಮೂರು ಸೆಕೆಂಡು ಕಪ್ಪಾಗಿ ತಾನೇ ಮರಳುವ ಪರದೆಯಾದರೆ ಮೊದಲ ಅನುಮಾನ ಕೇಬಲ್ ಮೇಲಿರಲಿ. ಗ್ಯಾಸ್ ಲಿಫ್ಟ್ ಇರುವ ಆಫೀಸ್ ಕುರ್ಚಿಯಿಂದ ಎದ್ದ ಕ್ಷಣದಲ್ಲಿ ಪರದೆ ಆರಿಹೋಗುವುದನ್ನು ನೋಡಿದ್ದೀರಾ? ಕುರ್ಚಿಯಲ್ಲಿ ಹುಟ್ಟಿದ ಸ್ಥಾಯೀ ವಿದ್ಯುತ್ತಿನ ಕಿಡಿ ಎಬ್ಬಿಸುವ ವಿದ್ಯುತ್ಕಾಂತೀಯ ಅಲೆ ವಿಡಿಯೊ ಕೇಬಲಿಗೆ ತಗುಲಿ ಸಿಗ್ನಲ್ ತಪ್ಪಿಸುತ್ತದೆ. ನಂಬಲು ಕಷ್ಟ, ಆದರೆ ನಿಜ. ಗಿಡ್ಡನೆಯ, ಒಳ್ಳೆಯ ಕವಚವಿರುವ ಕೇಬಲ್ ಹಾಕಿದರೆ ಬಹುಪಾಲು ನಿಲ್ಲುತ್ತದೆ. ಡಿಸ್‌ಪ್ಲೇಪೋರ್ಟ್ ಕೇಬಲ್‌ಗಳಲ್ಲಿ ಇನ್ನೊಂದು ಉಪದ್ರವವಿದೆ. 20ನೇ ಪಿನ್ 3.3 ವೋಲ್ಟ್ ಹೊರುವ ಪಿನ್. ಸಾಮಾನ್ಯ ಕೇಬಲಿನಲ್ಲಿ ಅದನ್ನು ಎರಡೂ ತುದಿಗೆ ಜೋಡಿಸಬಾರದು ಎಂಬುದು ನಿಯಮ. ನಿಯಮ ಮೀರಿದ ಅಗ್ಗದ ಕೇಬಲುಗಳಲ್ಲಿ ಮಾನಿಟರಿನ ವಿದ್ಯುತ್ ಕಾರ್ಡಿಗೆ ಹಿಮ್ಮುಖವಾಗಿ ಹರಿದು ವಿಚಿತ್ರ ತೊಂದರೆಗಳು ಹುಟ್ಟುತ್ತವೆ.

ಮಾನಿಟರ್ ಚೆನ್ನಾಗಿದೆ ಎಂದಾದರೆ ಮುಂದಿನದು ಕೀಬೋರ್ಡ್. ಕ್ಯಾಪ್ಸ್ ಲಾಕ್ ಒತ್ತಿ. ಅದರ ದೀಪ ಹತ್ತಿ ಆರಿದರೆ ಒಳಗೆ ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ ಎಂದರ್ಥ. ಕಂಟ್ರೋಲ್, ಆಲ್ಟ್, ಎಫ್3 ಮೂರನ್ನೂ ಒಟ್ಟಿಗೆ ಒತ್ತಿದಾಗ ಅಕ್ಷರಗಳ ಲಾಗಿನ್ ಪರದೆ ಬಂದರೆ ಕಾರ್ಡ್, ಕೇಬಲ್, ಮಾನಿಟರ್ ಮೂರೂ ಕೆಲಸ ಮಾಡುತ್ತಿವೆ. ಕುಸಿದಿರುವುದು ಮೇಲಿನ ಡೆಸ್ಕ್‌ಟಾಪ್. ಹಳೆಯ ಲಿನಕ್ಸ್‌ನಲ್ಲಿ ಈ ಲಾಗಿನ್ ಪರದೆ ಬಂದೇ ಬರುತ್ತದೆಂಬ ಭರವಸೆ ಇರಲಿಲ್ಲ. ಪರದೆಯ ಅಳತೆ ನಿರ್ಧರಿಸುವ ಕೆಲಸ ಎಕ್ಸ್ ಸರ್ವರ್ ಕೈಯಲ್ಲಿತ್ತು, ಅದು ಬಿದ್ದರೆ ಪರದೆಯನ್ನೂ ಜೊತೆಗೇ ಎಳೆದುಕೊಂಡು ಬೀಳುತ್ತಿತ್ತು. 2009ರ 2.6.29 ಕರ್ನಲ್‌ನಿಂದ ಆ ಹೊಣೆ ಕರ್ನಲ್‌ಗೆ ಬರತೊಡಗಿತು. ಮೊದಲು ಇಂಟೆಲ್, ಆಮೇಲೆ ಉಳಿದವು. ಎಫ್3ಗೆ ಇಂದು ಉತ್ತರ ಸಿಗುವುದು ಆ ಬದಲಾವಣೆಯ ಫಲ.

ಅದೂ ಬರದಿದ್ದರೆ ಫೋನಿನಿಂದ ಒಳಗೆ ಹೋಗಿ ನೋಡಬಹುದು. ಇದಕ್ಕೆ ಮೊದಲೇ ಸಿದ್ಧತೆ ಬೇಕು, ಏಕೆಂದರೆ ಉಬುಂಟು ಡೆಸ್ಕ್‌ಟಾಪ್ ಓಪನ್‌ಎಸ್‌ಎಸ್‌ಎಚ್ ಸರ್ವರನ್ನು (ಬೇರೆ ಸಾಧನದಿಂದ ಲಾಗಿನ್ ಆಗಲು ಬಿಡುವ ತಂತ್ರಾಂಶ) ತಾನಾಗಿ ಹಾಕಿಕೊಡುವುದಿಲ್ಲ. ಪರದೆ ಚೆನ್ನಾಗಿರುವ ದಿನವೇ ಅದನ್ನು ಹಾಕಿ, ಯಂತ್ರದ ಐಪಿ ವಿಳಾಸ ಬರೆದಿಟ್ಟುಕೊಳ್ಳಿ. ಆಂಡ್ರಾಯ್ಡ್ ಫೋನಿನ ಟರ್ಮಕ್ಸ್ ಕೂಡ ಮುಕ್ತ ತಂತ್ರಾಂಶವೇ. ಅದರಿಂದ ಲಾಗಿನ್ ಆಗಬಹುದು. ಪರದೆ ಕಪ್ಪಾಗಿದ್ದಾಗಲೂ ಫೋನಿಗೆ ಯಂತ್ರ ಉತ್ತರಿಸಿದರೆ ಕರ್ನಲ್ ಬದುಕಿದೆ, ಕೈಕೊಟ್ಟಿರುವುದು ಗ್ರಾಫಿಕ್ಸ್ ಭಾಗ ಮಾತ್ರ.

ಈಗ ದಾಖಲೆಯ ವಿಷಯ. ಮುಕ್ತ ತಂತ್ರಾಂಶದ ಮೇಲೆ ನನಗಿರುವ ಪ್ರೀತಿಯಲ್ಲಿ ಅರ್ಧ ಇದರಿಂದಲೇ ಬಂದದ್ದು: ಈ ಯಂತ್ರ ದಿನಚರಿ ಬರೆಯುತ್ತದೆ, ಅದನ್ನು ಒಡೆಯನಿಂದ ಮುಚ್ಚಿಡುವುದಿಲ್ಲ. ಮತ್ತೆ ಆನ್ ಮಾಡಿದ ಮೇಲೆ ಟರ್ಮಿನಲ್ ತೆರೆದು ಜರ್ನಲ್‌ಸಿಟಿಎಲ್ ಎಂಬ ಆಜ್ಞೆ ಬರೆಯಿರಿ, ಸ್ಪೇಸ್ ಬಿಟ್ಟು ಹೈಫನ್ ಬಿ, ಮತ್ತೆ ಸ್ಪೇಸ್ ಬಿಟ್ಟು ಹೈಫನ್ 1. ಹಿಂದಿನ ಸಲ ಯಂತ್ರ ಎದ್ದಾಗಿನಿಂದ ಬೀಳುವವರೆಗಿನ ಕಥೆ ಬರುತ್ತದೆ. ಜೊತೆಗೆ ಹೈಫನ್ ಇ ಸೇರಿಸಿದರೆ ನೇರವಾಗಿ ಕೊನೆಯ ಸಾಲುಗಳಿಗೆ ಹೋಗುತ್ತದೆ. ಪರದೆ ಕಪ್ಪಾದ ಸಮಯವನ್ನು ಗಡಿಯಾರ ನೋಡಿ ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದರೆ ಹುಡುಕಾಟ ನಿಮಿಷದ ಕೆಲಸ.

ಎಎಂಡಿ ಕಾರ್ಡ್ ಆದರೆ ‘ರಿಂಗ್’, ‘ಟೈಮ್‌ಔಟ್’ ಎರಡೂ ಪದಗಳಿರುವ ಸಾಲು ಹುಡುಕಿ: ಕಾರ್ಡಿಗೆ ಕೊಟ್ಟ ಕೆಲಸ ಅವಧಿಯೊಳಗೆ ಮುಗಿಯಲಿಲ್ಲ, ಡ್ರೈವರ್ ಅದನ್ನು ರೀಸೆಟ್ ಮಾಡಲು ನೋಡಿದೆ. ಎನ್‌ವಿಡಿಯಾದ್ದಾದರೆ ಎಕ್ಸ್‌ಐಡಿ ಎಂಬ ಪದದ ಮುಂದೊಂದು ಸಂಖ್ಯೆ ಇರುತ್ತದೆ. 79 ಇದ್ದರೆ ಕಾರ್ಡ್ ಬಸ್ಸಿನಿಂದಲೇ ಕಳಚಿಕೊಂಡಿದೆ, ಅಂದರೆ ಮದರ್‌ಬೋರ್ಡಿಗೆ ಅದು ಕಾಣಿಸುತ್ತಲೇ ಇಲ್ಲ. ವಿದ್ಯುತ್ತು, ಶಾಖ, ಸರಿಯಾಗಿ ಕೂರದ ಸ್ಲಾಟ್ ಇವನ್ನು ನೋಡಬೇಕು. ‘ಔಟ್ ಆಫ್ ಮೆಮೊರಿ’ ಎಂದಿದ್ದರೆ ರ್‍ಯಾಮ್ ಸಾಲದೆ ಕರ್ನಲ್ ಯಾವುದೋ ತಂತ್ರಾಂಶವನ್ನು ಕೊಂದಿದೆ.

ಏನೂ ಇಲ್ಲದೆ ದಿನಚರಿ ನಡುವಾಕ್ಯದಲ್ಲಿ ನಿಂತಂತೆ ನಿಂತಿದ್ದರೆ? ಆ ಮೌನವೂ ಸಾಕ್ಷಿಯೇ, ಆದರೆ ಅವಸರಪಡಬೇಡಿ. ಜರ್ನಲ್ ಸಾಮಾನ್ಯ ಸಂದೇಶಗಳನ್ನು ಡಿಸ್ಕಿಗೆ ಭದ್ರಪಡಿಸುವುದು 5 ನಿಮಿಷಕ್ಕೊಮ್ಮೆ. ತೀರ ಗಂಭೀರವಾದವನ್ನು ಮಾತ್ರ ಕೂಡಲೇ. ಯಂತ್ರ ಥಟ್ಟನೆ ಸತ್ತರೆ ನಮಗೆ ಬೇಕಾದ ಕೊನೆಯ ಸಾಲುಗಳೇ ಕಳೆದುಹೋಗಿರಬಹುದು. ಇದಕ್ಕೆ ನಾನು ಕಂಡುಕೊಂಡ ಉಪಾಯ ಫೋನಿನದೇ. ಲಾಗಿನ್ ಆಗಿ ಜರ್ನಲ್‌ಸಿಟಿಎಲ್‌ಗೆ ಹೈಫನ್ ಎಫ್ ಕೊಟ್ಟು ಬಿಟ್ಟರೆ ಹೊಸ ಸಾಲುಗಳು ಬಂದಂತೆಲ್ಲ ಫೋನಿನಲ್ಲಿ ಕಾಣುತ್ತಿರುತ್ತವೆ. ಡೆಸ್ಕ್‌ಟಾಪ್ ಸತ್ತರೂ ಅದರ ಕಡೆಯ ಮಾತು ಫೋನಿನ ಪರದೆಯ ಮೇಲೆ ಉಳಿದಿರುತ್ತದೆ.

ಕಪ್ಪಾದ ಯಂತ್ರವನ್ನು ಪವರ್ ಬಟನ್ ಒತ್ತಿ ಸಾಯಿಸುವ ಬದಲು ಆಲ್ಟ್ ಮತ್ತು ಪ್ರಿಂಟ್ ಸ್ಕ್ರೀನ್ ಕೀಲಿಗಳನ್ನು ಹಿಡಿದು ಎಸ್, ಯು, ಬಿ ಎಂದು ಒಂದೊಂದಾಗಿ, ನಡುವೆ ಎರಡು ಸೆಕೆಂಡು ಬಿಟ್ಟು ಒತ್ತಿ. ಬರೆಯಬೇಕಾದದ್ದನ್ನು ಡಿಸ್ಕಿಗೆ ಬರೆ, ಡಿಸ್ಕನ್ನು ಓದಲಷ್ಟೇ ಬಿಡು, ಮರುಚಾಲನೆಗೊಳಿಸು ಎಂದು ಕರ್ನಲ್‌ಗೆ ನೇರವಾಗಿ ಹೇಳಿದಂತೆ. ಉಬುಂಟು ಈ ಮೂರಕ್ಕೂ ಅನುಮತಿ ಕೊಟ್ಟಿರುತ್ತದೆ. ಯಂತ್ರ ಮರುಚಾಲನೆಯಾಯಿತೋ, ಕತ್ತಲಲ್ಲೂ ಕರ್ನಲ್ ಎಚ್ಚರವಾಗಿತ್ತು.

ಅಪ್‌ಡೇಟ್ ಆದ ಮೇಲೆ ಶುರುವಾದ ತೊಂದರೆಯಾದರೆ ಪರೀಕ್ಷೆ ಸುಲಭ. ಯಂತ್ರ ಏಳುವ ಹೊತ್ತಿನ ಗ್ರಬ್ ಮೆನುವಿನ ಅಡ್ವಾನ್ಸ್ಡ್ ಆಯ್ಕೆಯಲ್ಲಿ ಹಳೆಯ ಕರ್ನಲ್ ಇನ್ನೂ ಇರುತ್ತದೆ. ಅದನ್ನೇ ಆರಿಸಿ ಒಂದು ವಾರ ನಡೆಸಿ. ಲಾಗಿನ್ ಪರದೆಯ ಚಕ್ರದ ಗುರುತಿನಲ್ಲಿ ವೇಲ್ಯಾಂಡ್ ಜೊತೆಗೆ ಎಕ್ಸಾರ್ಗ್ ಆಯ್ಕೆಯೂ ಕಂಡರೆ ಅದನ್ನೂ ಬದಲಿಸಿ ನೋಡಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಮೂರು ಬದಲಿಸಿ ಸರಿಹೋದರೆ ಯಾವುದರಿಂದ ಎಂಬುದು ಎಂದಿಗೂ ತಿಳಿಯದು. ಫಾರ್ಮ್ಯಾಟ್ ಮಾಡುವ ಯೋಚನೆಯಿದ್ದರೆ ಅದಕ್ಕೆ ಮುಂಚೆ ಪೆನ್‌ಡ್ರೈವಿನಿಂದ ಲೈವ್ ಉಬುಂಟು ಚಲಾಯಿಸಿ. ಅಲ್ಲೂ ಪರದೆ ಕಪ್ಪಾದರೆ ಹೊಸದಾಗಿ ಹಾಕಿಯೂ ಉಪಯೋಗವಿಲ್ಲ.

ಯಂತ್ರಾಂಶದ ಕಡೆ ಬಂದರೆ ರ್‍ಯಾಮ್ ಮೊದಲು. ಮೆಮ್‌ಟೆಸ್ಟ್86+ ಅನ್ನು ಪೆನ್‌ಡ್ರೈವಿಗೆ ಹಾಕಿ ರಾತ್ರಿಯಿಡೀ ಓಡಿಸಿ. 2022ರ 6ನೇ ಆವೃತ್ತಿಯಿಂದ ಅದು ಯುಇಎಫ್‌ಐ ಯಂತ್ರಗಳಲ್ಲೂ ನಡೆಯುತ್ತದೆ. ಬೆಳಿಗ್ಗೆ ತಪ್ಪಿನ ಒಂದೇ ಒಂದು ಸಾಲು ಕಂಡರೂ ಬಿಡುವಂತಿಲ್ಲ. ಪ್ಲಗ್ ಕಿತ್ತು, ಪೆಟ್ಟಿಗೆಯ ಲೋಹ ಮುಟ್ಟಿ, ರ್‍ಯಾಮ್ ಕಡ್ಡಿ ತೆಗೆದು ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಕೂರಿಸುವ ನಮ್ಮ ರಿಪೇರಿಯವರ ಪದ್ಧತಿಗೆ ಅರ್ಥವಿದೆ. ಕೂರಿಸಿದ ಮೇಲೆ ಪರೀಕ್ಷೆ ಮತ್ತೆ ಓಡಿಸಿ. ತಪ್ಪು ಮರುಕಳಿಸಿದರೆ ಒಂದೊಂದೇ ಕಡ್ಡಿ ಹಾಕಿ ನೋಡಬೇಕು.

ನನ್ನ ಯಂತ್ರದಲ್ಲಿ ರ್‍ಯಾಮ್ ತೇರ್ಗಡೆಯಾಯಿತು. ಫೋನಿನಲ್ಲಿ ಕಡೆಯ ಸಾಲಿನವರೆಗೂ ಒಂದು ದೂರೂ ಇರಲಿಲ್ಲ, ಎಸ್ ಯು ಬಿಗೆ ಉತ್ತರವೂ ಇಲ್ಲ. ಆಗ ಹೊರೆ ಹೊರಿಸಿ ನೋಡಿದೆ. ಸ್ಟ್ರೆಸ್-ಎನ್‌ಜಿ ಪ್ರೊಸೆಸರನ್ನು ದುಡಿಸುತ್ತದೆ, ಜಿಎಲ್‌ಮಾರ್ಕ್2 ಗ್ರಾಫಿಕ್ಸ್ ಕಾರ್ಡನ್ನು. ಶಾಖ ನೋಡಲು ಸೆನ್ಸರ್ಸ್ ಆಜ್ಞೆ. ಮೊದಲನೆಯದೊಂದೇ ಅರ್ಧ ಗಂಟೆ: ಏನೂ ಆಗಲಿಲ್ಲ. ಎರಡನೆಯದೊಂದೇ ಅರ್ಧ ಗಂಟೆ: ಏನೂ ಆಗಲಿಲ್ಲ, ಶಾಖವೂ ಮಿತಿಯಲ್ಲಿತ್ತು. ಎರಡನ್ನೂ ಒಟ್ಟಿಗೆ ಬಿಟ್ಟಾಗ ನಾಲ್ಕೇ ನಿಮಿಷಕ್ಕೆ ಪರದೆ ಕಪ್ಪಾಯಿತು, ಫ್ಯಾನ್ ತಿರುಗುತ್ತಲೇ ಇತ್ತು. ಬಿಡಿಬಿಡಿಯಾಗಿ ನಿಲ್ಲುವ ಎರಡೂ ಒಟ್ಟಿಗೆ ಬೀಳುತ್ತವೆ ಎಂದರೆ ಅವೆರಡಕ್ಕೂ ಉಣಿಸುವ ಕೈ ಸೋತಿದೆ. ಎಸ್‌ಎಂಪಿಎಸ್ ಬದಲಿಸಿ ಅದೇ ಪರೀಕ್ಷೆಯನ್ನು ಎರಡು ಗಂಟೆ ನಡೆಸಿದೆ. ಪರದೆ ಬೆಳಗುತ್ತಲೇ ಇತ್ತು.

ನಿಮ್ಮ ಹುಡುಕಾಟ ಡ್ರೈವರ್‌ನಲ್ಲಿ ಮುಗಿದರೆ ದಯವಿಟ್ಟು ಅದನ್ನು ಬರೆದು ಕಳಿಸಿ. ಮೆಸಾ ಮತ್ತು ಎಎಂಡಿ ಡ್ರೈವರ್‌ಗಳ ದೂರುಗಳನ್ನು ಫ್ರೀಡೆಸ್ಕ್‌ಟಾಪ್‌ನ ಗಿಟ್‌ಲ್ಯಾಬ್‌ನಲ್ಲಿ ದಾಖಲಿಸಬಹುದು. ಕರ್ನಲ್ ಮತ್ತು ಮೆಸಾ ಆವೃತ್ತಿ, ಕಾರ್ಡಿನ ಮಾದರಿ, ಕಪ್ಪಾದ ಹೊತ್ತಿನ ದಿನಚರಿಯ ಸಾಲುಗಳು, ಯಾವ ಹಳೆಯ ಕರ್ನಲ್‌ನಲ್ಲಿ ಸರಿಯಿತ್ತು ಎಂಬ ಮಾಹಿತಿ ಇಷ್ಟಿದ್ದರೆ ಡ್ರೈವರ್ ಬರೆಯುವವರಿಗೆ ಹಿಡಿಯಲು ಒಂದು ಎಳೆ ಸಿಗುತ್ತದೆ.

ಪರೀಕ್ಷೆಗೆಂದು ಗ್ರಬ್‌ನಲ್ಲಿ ‘ನೋಮೋಡ್‌ಸೆಟ್’ ಎಂಬ ಆಯ್ಕೆ ಸೇರಿಸಿದ್ದರೆ ಕೆಲಸ ಮುಗಿದ ಮೇಲೆ ತೆಗೆದುಹಾಕಿ. ಅದು ಕಾರ್ಡಿನ ನಿಜವಾದ ಡ್ರೈವರನ್ನೇ ದೂರವಿಡುತ್ತದೆ. ಪರದೆ ಬರುತ್ತದೆ, ಆದರೆ ವಿಡಿಯೊ ತೆವಳುತ್ತದೆ.